ಸೋಗಿಗೆ ಬಂದ ವಿದ್ಯೆ, ವಿದ್ಯೆಗೆ ಬಂದ ಬೆಲೆ

ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಸೋಗು ಹಾಕುವವರಿಗೆ ಪದ ಬರಬೇಕು, ರಾಗ ಬರಬೇಕು, ಭಾಗವತ ಎಸೆದ ಮಾತಿಗೆ ನಿಂತಲ್ಲೇ ಮರುಮಾತು ಹೊಳೆಯಬೇಕು. ಮುನಿಸಿಕೊಂಡವಳ ಬಿಂಕ ಬೆಳಗಿನ ತನಕ ಇಳಿಯಬಾರದು. ಇಷ್ಟು ವಿದ್ಯೆ ಕೈಗೂಡಲು ವರ್ಷಗಳೇ ಬೇಕು. ಅಪರಾಳ ತಮ್ಮಣ್ಣ ರಚಿಸಿದ ಈ ಆಟವನ್ನು ರಂಗಕ್ಕೆ ಹದಗೊಳಿಸಿದ ಇನ್ನೊಬ್ಬ ತಮ್ಮಣ್ಣ ಕುಲಗೋಡದವರು. ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿನಲ್ಲಿದೆ. ಕೌಜಲಗಿ ನಿಂಗಮ್ಮ ನಾಡಿಗೆ ಹೆಸರಾದದ್ದು ಇದೇ ಪಾರಿಜಾತದಿಂದ. ನಿಂಗಮ್ಮನವರ ಸೋಗನ್ನು ಬೇರೆಯವರೂ ತೊಡಬಹುದಿತ್ತು, ಆದರೆ ಅವರ ಕಂಠವನ್ನು ಯಾರೂ ತೊಡುವಂತಿರಲಿಲ್ಲ.

ಈಗ ಇದೇ ಸೀಮೆಯ ಹುಡುಗರು ಮೊಬೈಲಿನಲ್ಲಿ ಇನ್ನೊಂದು ಬಗೆಯ ಸೋಗು ಹಾಕುತ್ತಾರೆ. ಅಂತರಜಾಲದ ಮೂಲಕ ಸಾವಿರಾರು ಜನ ಒಂದೇ ಕಲ್ಪಿತ ಲೋಕದೊಳಗೆ ಹೊಕ್ಕು ಒಬ್ಬ ಮಂತ್ರವಾದಿ, ಒಬ್ಬ ಬಿಲ್ಲುಗಾರ, ಒಬ್ಬ ಕಮ್ಮಾರ ಎಂದು ಪಾತ್ರ ಕಟ್ಟಿಕೊಂಡು ಆಡುವ ಆಟ ಇದು. ರಾಕ್ಷಸರನ್ನು ಕೊಲ್ಲುತ್ತಾರೆ, ಗಣಿ ಅಗೆಯುತ್ತಾರೆ, ಮೀನು ಹಿಡಿಯುತ್ತಾರೆ. ಮಾಡಿದಂತೆಲ್ಲ ಅಂಕ ಏರುತ್ತದೆ. ‘ಲೆವೆಲ್ ಎಷ್ಟಾತಲೇ?’ ಎಂಬುದು ಇವರ ಕುಶಲ ಪ್ರಶ್ನೆ. ಇಲ್ಲಿ ಒಂದು ಸೋಜಿಗವಿದೆ. ಖಡ್ಗವಿದ್ಯೆ 60 ಎಂದು ಪರದೆಯ ಮೇಲೆ ಬರೆದಿದ್ದರೆ ಆ 60 ಹುಡುಗನದಲ್ಲ, ಸೋಗಿನದು. ಹುಡುಗ ಮಲಗಿದರೂ ಅದು ಕರಗುವುದಿಲ್ಲ. ಅವನ ತಮ್ಮ ಮೊಬೈಲು ಎತ್ತಿಕೊಂಡರೆ ತಮ್ಮನ ಕೈಯಲ್ಲೂ ಅದು 60ರ ಖಡ್ಗವೇ. ವಿದ್ಯೆ ಮೈ ಬಿಟ್ಟು ಲೆಕ್ಕದ ಪುಸ್ತಕಕ್ಕೆ ಇಳಿದಿದೆ. ಲೆಕ್ಕಕ್ಕೆ ಇಳಿದದ್ದಕ್ಕೆ ಬೆಲೆ ಕಟ್ಟಲು ಬರುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಆ ಬೆಲೆಯನ್ನು ಯಾರು ಯಾರು ಹೇಗೆ ಹೇಗೆ ಕಟ್ಟಿದರು ಎಂಬುದೇ ಈ ಆಟಗಳ ಚರಿತ್ರೆ.

ಲೆಕ್ಕದ ಪುಸ್ತಕ ಮೊದಲು ತೆರೆದದ್ದು ಕಂಪ್ಯೂಟರಿನಲ್ಲಲ್ಲ, ಕಾಗದದ ಮೇಲೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ನಿಯಮ ಪುಸ್ತಕಗಳನ್ನು 10 ಡಾಲರಿಗೆ ಮಾರಿದರು. ನಾಲ್ಕು ಜನ ಮೇಜಿನ ಸುತ್ತ ಕೂಡಬೇಕು, ದಾಳ ಉರುಳಿಸಬೇಕು, ಒಬ್ಬ ಕಥೆ ನಡೆಸಬೇಕು. ನಮ್ಮ ಭಾಗವತನಂತೆಯೇ ಎನ್ನಿ. ಯೋಧ, ಮಂತ್ರವಾದಿ, ಪುರೋಹಿತ ಎಂಬ ಮೂರು ವರ್ಗ, ಅನುಭವಕ್ಕೆ ಅಂಕ, ಅಂಕ ಕೂಡಿದರೆ ಮುಂದಿನ ಮೆಟ್ಟಿಲು. ಇಂದಿನ ಆಟಗಳ ಬೀಜವೆಲ್ಲ ಅಲ್ಲಿದೆ. ಆದರೆ ವ್ಯಾಪಾರ ಸರಳವಾಗಿತ್ತು. ಪುಸ್ತಕ ಒಮ್ಮೆ ಕೊಂಡರಾಯಿತು, ಮುಂದೆ ನಲವತ್ತು ವರ್ಷ ಆಡಿದರೂ ಮಾರಿದವರಿಗೆ ಕಾಸಿಲ್ಲ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಇಂಥದೇ ಲೋಕವನ್ನು ಕಾಲೇಜಿನ ಕಂಪ್ಯೂಟರಿನೊಳಗೆ ಕಟ್ಟಲು ತೊಡಗಿದರು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಅದರ ಹೆಸರು ‘ಮಡ್’. ಚಿತ್ರವಿಲ್ಲ, ಬರಿ ಅಕ್ಷರ. ಸಿಕ್ಕ ನಿಧಿಯನ್ನು ತಂದು ಜೌಗಿನೊಳಗೆ ಎಸೆದರೆ ಅಂಕ ಬರುತ್ತಿತ್ತು. ಅಂಕ ತುಂಬಿ ಕೊನೆಯ ಪದವಿಗೆ ಏರಿದವನು ‘ವಿಜರ್ಡ್’, ಅಂದರೆ ಆಟವನ್ನೇ ನಡೆಸುವವರ ಪಂಕ್ತಿಗೆ ಸೇರಿದವನು. ಹೊರಗಿನವರಿಗೆ ಕಂಪ್ಯೂಟರು ಬಿಡುವಾಗಿದ್ದ ರಾತ್ರಿ ಹೊತ್ತಿನಲ್ಲಿ ಪ್ರವೇಶ. ಹಣದ ಮಾತೇ ಇರಲಿಲ್ಲ.

ಹಣದ ಮಾತು ಬಂದದ್ದು 1985ರಲ್ಲಿ. ಅಮೆರಿಕದ ಕಂಪ್ಯೂಸರ್ವ್ ಜಾಲದಲ್ಲಿ ‘ಐಲ್ಯಾಂಡ್ ಆಫ್ ಕೆಸ್ಮಾಯ್’ ಶುರುವಾಯಿತು. ಜಾಲದಲ್ಲಿ ಇರುವಷ್ಟು ಹೊತ್ತೂ ಗಂಟೆಗೆ 6 ಡಾಲರು, ವೇಗದ ಸಂಪರ್ಕವಾದರೆ 12. ಹುಕ್ಕೇರಿಯವರಿಗೆ ಇದನ್ನು ವಿವರಿಸುವುದು ಸುಲಭ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆ ತಾಲೂಕಿಗೆ ಬೆಳಕು ಕೊಟ್ಟ ಸಂಸ್ಥೆ. ಮೀಟರು ತಿರುಗಿದಷ್ಟು ಬಿಲ್ಲು. ಆಟಕ್ಕೂ ಹಾಗೊಂದು ಮೀಟರು ಕೂಡಿಸಿದರು. ಮೀಟರು ಓಡುತ್ತಿರುವಾಗ ಕಮ್ಮಾರಿಕೆ ಕಲಿಯುತ್ತ ಕೂರುವ ತಾಳ್ಮೆ ಯಾರಿಗಿದ್ದೀತು? ಅಮೆರಿಕಾ ಆನ್‌ಲೈನ್ ಕಂಪನಿ 1996ರ ಡಿಸೆಂಬರಿನಲ್ಲಿ ಎಷ್ಟು ಹೊತ್ತಾದರೂ ಇರಿ, ತಿಂಗಳಿಗೆ 19.95 ಡಾಲರು ಎಂದು ಸಾರಿದಾಗ ಗಂಟೆ ಲೆಕ್ಕದ ಯುಗ ಮುಗಿಯುತ್ತ ಬಂತು.

ತಿಂಗಳ ವಂತಿಗೆ ಬಂದ ಮೇಲೆ ವಿದ್ಯೆಯ ಲೆಕ್ಕಾಚಾರ ಬದಲಾಯಿತು. ಆಡುವವನು ಈ ತಿಂಗಳು ಎಷ್ಟು ಹೊತ್ತು ಕೂತ ಎಂಬುದರಿಂದ ಕಂಪನಿಗೆ ಲಾಭವಿಲ್ಲ. ಮುಂದಿನ ತಿಂಗಳೂ ಇರುತ್ತಾನೆಯೇ ಎಂಬುದು ಮುಖ್ಯ. ಆದ್ದರಿಂದ ಏಣಿ ಉದ್ದವಿರಬೇಕು, ಕೊನೆ ಮೆಟ್ಟಿಲು ಸದಾ ಕಣ್ಣಿಗೆ ಕಾಣುತ್ತಿರಬೇಕು, ಕೈಗೆ ಸಿಗಬಾರದು. ಏಣಿ ಕಟ್ಟುವ ಎರಡು ಪದ್ಧತಿ ಆಗ ಬೆಳೆದವು. ಒಂದನ್ನು ಸಾಲೆಯ ಪದ್ಧತಿ ಎನ್ನೋಣ, ಇನ್ನೊಂದನ್ನು ಗರಡಿಮನೆಯ ಪದ್ಧತಿ.

1999ರ ‘ಎವರ್‌ಕ್ವೆಸ್ಟ್’ ಸಾಲೆಯ ಪದ್ಧತಿಯದು. ಯೋಧನೋ ಮಂತ್ರವಾದಿಯೋ ಎಂದು ಮೊದಲೇ ವಿಭಾಗ ಆರಿಸಬೇಕು, ವರ್ಗ ಪಾಸಾದಂತೆ ಮೇಲಿನ ವರ್ಗ. ಸತ್ತರೆ ಗಳಿಸಿದ ಅಂಕದಲ್ಲಿ ಕಡಿತ. ತಿಂಗಳುಗಟ್ಟಲೆ ಕೂತರೂ ಮೇಲೆ ಹೋಗುವುದು ಕಷ್ಟ. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಗರಡಿಯ ಪದ್ಧತಿಯದು. ಅಲ್ಲಿ ವರ್ಗಗಳಿಲ್ಲ. ಕತ್ತಿ ಬೀಸಿದರೆ ಕತ್ತಿವರಸೆ ಏರುತ್ತದೆ, ಕಬ್ಬಿಣ ಬಡಿದರೆ ಕಮ್ಮಾರಿಕೆ, ಗಾಳ ಹಾಕಿದರೆ ಮೀನುಗಾರಿಕೆ. ಬೈಠಕ್ ಹೊಡೆದರೆ ತೊಡೆ ಬಲಿಯುತ್ತದೆ ಎಂದು ಗರಡಿಯಲ್ಲಿ ಹೇಳುವಂತೆ. ಐವತ್ತರ ಆಸುಪಾಸು ವಿದ್ಯೆಗಳು, ಒಂದೊಂದಕ್ಕೂ 100 ಅಂಕ. ಆದರೆ ಒಬ್ಬನ ಒಟ್ಟು ಅಂಕ 700ನ್ನು ದಾಟುವಂತಿಲ್ಲ. ಏಳು ವಿದ್ಯೆಯಲ್ಲಿ ಪರಿಣತನಾಗಬಹುದು, ಎಂಟನೆಯದು ಬೇಕಾದರೆ ಕಲಿತದ್ದನ್ನು ಬಿಟ್ಟುಕೊಡಬೇಕು. ಹೀಗಾಗಿ ಯೋಧನಿಗೆ ಕಮ್ಮಾರ ಬೇಕು, ಕಮ್ಮಾರನಿಗೆ ಗಣಿಯವನು ಬೇಕು. ಆಯಗಾರರ ಊರು ತಾನಾಗಿ ಹುಟ್ಟಿತು. ಈ ಆಟಗಳಲ್ಲೆಲ್ಲ ನನಗೆ ಅತಿ ಜಾಣತನದ್ದೆನಿಸುವ ನಿಯಮ ಈ 700ರದ್ದೇ. ಜನರೂ ಕಡಿಮೆ ಜಾಣರಲ್ಲ. ಅದೇ ಕೆಲಸವನ್ನು ಪದೇಪದೇ ಮಾಡುವಂತೆ ಕಂಪ್ಯೂಟರಿಗೆ ಆಜ್ಞೆ ಕೊಟ್ಟು ತಾವು ಮಲಗಿಬಿಟ್ಟರು. ಬೈಠಕ್ಕನ್ನು ಯಂತ್ರದಿಂದ ಹೊಡೆಸಿ ತೊಡೆ ತಮ್ಮದು ಎಂದಂತಾಯಿತು.

ಇಂಗ್ಲೆಂಡಿನ ಆಂಡ್ರ್ಯೂ ಗೋವರ್ 2001ರ ಜನವರಿಯಲ್ಲಿ ಹೊರತಂದ ‘ರೂನ್‌ಸ್ಕೇಪ್’ ಕೂಡ ಗರಡಿಯ ಪದ್ಧತಿಯದೇ. ಇದರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಒಂದೇ ಆಟ ಮುಂದೆ ಬಂದ ವ್ಯಾಪಾರದ ರೀತಿಗಳನ್ನೆಲ್ಲ ಮೈಮೇಲೆ ಹೊತ್ತುಕೊಂಡಿತು. ಡಿಸ್ಕು ಕೊಳ್ಳಬೇಕಿಲ್ಲ, ಬ್ರೌಸರಿನಲ್ಲೇ ತೆರೆಯುತ್ತಿತ್ತು. ಆಟ ಉಚಿತ. 2002ರಿಂದ, ಹೆಚ್ಚಿನ ಊರು, ಹೆಚ್ಚಿನ ವಿದ್ಯೆ ಬೇಕಾದವರಿಗೆ ತಿಂಗಳಿಗೆ 5 ಡಾಲರಿನ ಸದಸ್ಯತ್ವ. ಒಂದೊಂದು ವಿದ್ಯೆಯಲ್ಲೂ 1ರಿಂದ 99ರವರೆಗೆ ಮೆಟ್ಟಿಲು. 99 ಮುಟ್ಟಲು ಬೇಕಾದ ಅನುಭವದ ಅಂಕ 1 ಕೋಟಿ 30 ಲಕ್ಷ 34 ಸಾವಿರದ 431. ಇದರ ಅರ್ಧ ದಾರಿ ಯಾವುದು? ಐವತ್ತನೇ ಮೆಟ್ಟಿಲು ಎಂದು ತಿಳಿದರೆ ತಪ್ಪು. 92ನೇ ಮೆಟ್ಟಿಲಿಗೆ ಬೇಕಾಗುವುದು 65 ಲಕ್ಷ 17 ಸಾವಿರದ 253 ಅಂಕ; ಅರ್ಧ ದಾರಿ ಅಲ್ಲಿದೆ. ತೊಂಬತ್ತೆರಡು ಮೆಟ್ಟಿಲು ಹತ್ತಿದವನಿಗೆ ಉಳಿದ ಏಳು ಮೆಟ್ಟಿಲು ಅಷ್ಟೇ ಬೆವರಿನವು. ಬಡ್ಡಿ ಲೆಕ್ಕ ಬಲ್ಲವರಿಗೆ ಈ ಚಕ್ರದ ಗುಟ್ಟು ಕೂಡಲೇ ಹೊಳೆಯುತ್ತದೆ. ಇಲ್ಲಿ ಕಂಪನಿ ಮಾರುತ್ತಿದ್ದುದು ಕಾಲವನ್ನು.

ಕಾಲಕ್ಕೆ ಬೆಲೆ ಬಂದರೆ ಕಾಲವನ್ನು ಮಾರುವವರೂ ಬರುತ್ತಾರೆ. ಎವರ್‌ಕ್ವೆಸ್ಟ್ ಆಟಗಾರರು ಬೆಳೆಸಿದ ಸೋಗುಗಳನ್ನೂ ಗೆದ್ದ ಆಯುಧಗಳನ್ನೂ ಈಬೇ ಹರಾಜಿನಲ್ಲಿ ನಿಜವಾದ ಡಾಲರಿಗೆ ಮಾರತೊಡಗಿದರು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞ 2001ರಲ್ಲಿ ಆ ಹರಾಜುಗಳನ್ನೆಲ್ಲ ಲೆಕ್ಕ ಹಾಕಿ, ಆ ಕಲ್ಪಿತ ದೇಶದಲ್ಲಿ ಒಂದು ಗಂಟೆಯ ಆಟಕ್ಕೆ 3.42 ಡಾಲರು ಕೂಲಿ ಬೀಳುತ್ತದೆ, ತಲಾ ಉತ್ಪನ್ನ 2,266 ಡಾಲರು, ಅಂದರೆ ರಷ್ಯಾ ಮತ್ತು ಬಲ್ಗೇರಿಯಾಗಳ ನಡುವಿನ ಸ್ಥಾನ ಎಂದು ಬರೆದರು. ಇಲ್ಲದ ದೇಶಕ್ಕೆ ಇರುವ ಆದಾಯ! ಚೀನಾದಲ್ಲಿ ಯುವಕರು ಹನ್ನೆರಡು ಗಂಟೆಯ ಪಾಳಿಯಲ್ಲಿ ಕೂತು ಆಟದ ಚಿನ್ನ ಗಳಿಸಿ ಧಣಿಗೆ ಒಪ್ಪಿಸುವ ಕಾರ್ಖಾನೆಗಳೇ ಹುಟ್ಟಿದವು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದ ಮನೆತನಗಳಿಗೆ ಪಾಳಿ ಎಂದರೇನು ಎಂದು ಹೇಳಬೇಕಿಲ್ಲ. ಇಲ್ಲಿ ಕೊನೆಗೆ ಕೈಗೆ ನೂಲೂ ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ವೆನೆಜುವೆಲಾದಲ್ಲಿ ಹಣದುಬ್ಬರದಿಂದ ಸಂಬಳ ಕಾಗದವಾದ ವರ್ಷಗಳಲ್ಲಿ ಎಷ್ಟೋ ಮನೆಗಳ ಅಡುಗೆ ರೂನ್‌ಸ್ಕೇಪಿನ ಹಳೆಯ ಆವೃತ್ತಿಯಲ್ಲಿ ಗಳಿಸಿದ ಚಿನ್ನದಿಂದ ನಡೆಯಿತು.

ರೂನ್‌ಸ್ಕೇಪ್ ಕಂಪನಿ ಈ ಕಳ್ಳಸಂತೆಯನ್ನು ಮುಚ್ಚಲು 2007ರ ಡಿಸೆಂಬರಿನಲ್ಲಿ ಆಟಗಾರರ ನಡುವಿನ ಮುಕ್ತ ವ್ಯಾಪಾರವನ್ನೇ ನಿರ್ಬಂಧಿಸಿತು. ಗೆಳೆಯನಿಗೆ ಒಂದು ಕೊಡಲಿ ಕೊಡುವುದೂ ಕಷ್ಟವಾಯಿತು. ಆಟಗಾರರು ರೊಚ್ಚಿಗೆದ್ದರು. ಕೊನೆಗೆ ಮತ ಹಾಕಿಸಿ 2011ರಲ್ಲಿ ಕಂಪನಿ ನಿರ್ಬಂಧ ತೆಗೆಯಿತು. 2013ರಲ್ಲಿ ಅದೇ ಕಂಪನಿ ‘ಬಾಂಡ್’ ಎಂಬ ವಸ್ತುವನ್ನು ತಾನೇ ಮಾರತೊಡಗಿತು. ಡಾಲರು ಕೊಟ್ಟು ಬಾಂಡ್ ಕೊಂಡು ಆಟದೊಳಗೆ ಚಿನ್ನಕ್ಕೆ ಮಾರಬಹುದು, ಚಿನ್ನ ಕೊಟ್ಟು ಕೊಂಡವನು ಅದರಿಂದ ಸದಸ್ಯತ್ವ ಪಡೆಯಬಹುದು. ಕಳ್ಳಸಂತೆಯ ಎದುರು ಸರಕಾರಿ ಅಂಗಡಿ ತೆರೆದಂತೆ.

ಈ ನಡುವೆ ದಕ್ಷಿಣ ಕೊರಿಯಾ ಇನ್ನೊಂದು ದಾರಿ ಕಂಡುಕೊಂಡಿತ್ತು. ಆಟ ಪೂರ್ತಿ ಉಚಿತ, ವಂತಿಗೆಯೂ ಇಲ್ಲ. ಒಳಗಿನ ವಸ್ತುಗಳಿಗೆ ಮಾತ್ರ ಬೆಲೆ. 2003ರ ‘ಮೇಪಲ್‌ಸ್ಟೋರಿ’ ಈ ಬಗೆಯಲ್ಲಿ ಪ್ರಸಿದ್ಧವಾಯಿತು. ಟೊಪ್ಪಿಗೆ, ಅಂಗಿ ಮಾರುವವರೆಗೆ ತಕರಾರಿಲ್ಲ. ಬೇಗ ಬೆಳೆಯುವ ಮದ್ದನ್ನೂ ಮಾರತೊಡಗಿದಾಗ ಮಾತು ಬೇರೆಯಾಯಿತು. ಮದ್ದು ಮಾರಾಟವಾಗಬೇಕಾದರೆ ಬೆಳವಣಿಗೆ ನಿಧಾನವಿರಬೇಕು. ವಂತಿಗೆಯ ಕಾಲದಲ್ಲಿ ಏಣಿ ಉದ್ದವಾಗಿದ್ದುದು ಆಟಗಾರ ಉಳಿಯಲಿ ಎಂದು, ಈಗ ಉದ್ದವಾಗಿದ್ದುದು ಅವನು ಬೇಸತ್ತು ಲಿಫ್ಟಿನ ಟಿಕೀಟು ಕೊಳ್ಳಲಿ ಎಂದು.

ಈ ವಸ್ತುಗಳು ಎಂಥವು ಎಂಬುದನ್ನೂ ನೋಡಬೇಕು. ಗೋಕಾಕಿನ ಕಲಾವಿದ ಹಗುರ ಕಟ್ಟಿಗೆಯಲ್ಲಿ ಒಂದು ಮಾವಿನಹಣ್ಣು ಕೆತ್ತಿ ಬಣ್ಣ ಹಾಕಿ ಮಾರಿದರೆ ಹಣ್ಣು ಕೊಂಡವರ ಮನೆಗೆ ಹೋಗುತ್ತದೆ. ಇನ್ನೊಬ್ಬರಿಗೆ ಬೇಕಾದರೆ ಇನ್ನೊಂದು ಕೆತ್ತಬೇಕು. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಈ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವುದು ಅದರ ಮುಖ್ಯ ಕಸುಬಾಯಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು. ಕಂಪ್ಯೂಟರಿನಲ್ಲಿ ಒಂದು ಖಡ್ಗ ಬಿಡಿಸಿದವನಿಗೆ ಕೂಲಿ ಒಮ್ಮೆ, ಆದರೆ ಆಟದ ಒಡೆಯ ಅದೇ ಖಡ್ಗವನ್ನು ಲಕ್ಷ ಸಲ ಮಾರಬಹುದು. ಮಾರಿದ ಮೇಲೂ ಅದು ಅಂಗಡಿಯಲ್ಲೇ ಇರುತ್ತದೆ. ಕೊಂಡವನಿಗೆ ದೊರೆತದ್ದು ಬಳಸುವ ಅನುಮತಿ ಮಾತ್ರ.

ವಿದ್ಯೆಗೂ ಇದೇ ಮಾತು. 2003ರಲ್ಲಿ ಬಂದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ರಾಕ್ಷಸರದಲ್ಲ, ಆಕಾಶಲೋಕದ ಆಟ. ಆದರೂ ಉದಾಹರಣೆಗೆ ಅದೇ ಸರಿ. ಬಡಗಿ, ವೈದ್ಯ, ನರ್ತಕ ಎಂದು ಮೂವತ್ತಕ್ಕೂ ಹೆಚ್ಚು ಕಸುಬುಗಳನ್ನು ಬೆರೆಸಿ ಕಲಿಯುವ ಸೊಗಸಾದ ವ್ಯವಸ್ಥೆ ಅದರಲ್ಲಿತ್ತು. 2005ರ ನವೆಂಬರಿನಲ್ಲಿ ಕಂಪನಿ ಎಲ್ಲವನ್ನೂ ಒಂಬತ್ತು ವರ್ಗಕ್ಕೆ ಇಳಿಸಿತು. ಎರಡು ವರ್ಷ ಕಷ್ಟಪಟ್ಟು ಕಲಿತ ಕಸುಬು ಬೆಳಗಾಗುವುದರೊಳಗೆ ಇಲ್ಲವಾಯಿತು. 2011ರ ಡಿಸೆಂಬರಿನಲ್ಲಿ ಆಟವೇ ಮುಚ್ಚಿತು. ಗರಡಿ ಬಿದ್ದರೂ ಪೈಲವಾನನ ತೋಳು ಉಳಿಯುತ್ತದೆ. ಇಲ್ಲಿ ತೋಳು ಗರಡಿಯ ಗೋಡೆಯಲ್ಲಿತ್ತು.

ಕಾಲ ಮಾರಿದರು, ವಸ್ತು ಮಾರಿದರು. ಉಳಿದದ್ದು ಅದೃಷ್ಟ. ಜಪಾನಿನ ಬೀದಿಗಳಲ್ಲಿ ನಾಣ್ಯ ಹಾಕಿ ತಿರುಗಿಸಿದರೆ ಗುಂಡುಡಬ್ಬಿಯಲ್ಲಿ ಯಾವುದೋ ಒಂದು ಆಟಿಗೆ ಉದುರುವ ಯಂತ್ರಗಳಿವೆ. ಅದನ್ನು ‘ಗಾಚಾ’ ಎನ್ನುತ್ತಾರೆ. ಮೇಪಲ್‌ಸ್ಟೋರಿಯ ಜಪಾನಿ ಆವೃತ್ತಿ 2004ರಲ್ಲಿ 100 ಯೆನ್ನಿನ ಇಂಥ ಚೀಟಿ ಮಾರತೊಡಗಿತು. ರೂನ್‌ಸ್ಕೇಪ್ ಕೂಡ 2012ರಲ್ಲಿ ಒಂದು ಅದೃಷ್ಟಚಕ್ರ ನಿಲ್ಲಿಸಿತು. ಚಕ್ರ ತಿರುಗಿಸಿದರೆ ಬರುವ ಬಹುಮಾನಗಳಲ್ಲಿ ಅನುಭವದ ಅಂಕವೂ ಒಂದು! ಬೆವರು ಸುರಿಸಿ 92 ದಾಟಿದವರ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ. 2020ರ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದಲ್ಲಿ ಅತ್ಯುತ್ತಮ ಪಾತ್ರ ಸಿಗುವ ಸಂಭವ ಒಂದು ಎಳೆತಕ್ಕೆ ಶೇ. 0.6, ತೊಂಬತ್ತನೇ ಎಳೆತಕ್ಕೆ ಖಾತ್ರಿ. ಗೋಕಾಕ ಕರದಂಟಿನ ಡಬ್ಬಿ ಕೊಂಡವನಿಗೆ ಒಳಗೇನಿದೆ ಎಂದು ಗೊತ್ತು. ಈ ಡಬ್ಬಿಯ ಬೆಲೆ ಇರುವುದೇ ಗೊತ್ತಿಲ್ಲದಿರುವುದರಲ್ಲಿ. ಜಪಾನ್ 2012ರಲ್ಲಿ ಗಾಚಾದ ಒಂದು ಬಗೆಯನ್ನು ಕಾನೂನುಬಾಹಿರ ಎಂದಿತು. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಗಳು ಜೂಜು ಎಂದೇ ತೀರ್ಮಾನಿಸಿತು.

ನಮ್ಮಲ್ಲಿ? ಕೌಶಲ ಯಾವುದು, ಅದೃಷ್ಟ ಯಾವುದು ಎಂಬ ಜಗಳ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಅದರ ಒಂದು ಮುಖ್ಯ ಮೊಕದ್ದಮೆಯ ಬೇರು ಬೆಂಗಳೂರಿನಲ್ಲಿದೆ. 1950ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧ. ಪ್ರವೇಶ ಶುಲ್ಕ ಕಟ್ಟಿ ತುಂಬಿ ಕಳಿಸಿದರೆ, ಮೊದಲೇ ಗೊತ್ತುಮಾಡಿಟ್ಟ ಉತ್ತರಕ್ಕೆ ತಾಳೆಯಾದವರಿಗೆ ಬಹುಮಾನ. ಪತ್ರಿಕೆ ಮೈಸೂರಿನದಾದರೂ ದೊಡ್ಡ ಸಂತೆ ಮುಂಬಯಿ ರಾಜ್ಯ. ಅಲ್ಲಿ ಶುಲ್ಕ ಕೂಡಿಹಾಕುವವರನ್ನು ನೇಮಿಸಿದ್ದರು. ಮುಂಬಯಿ ಸರಕಾರ 1952ರಲ್ಲಿ ತನ್ನ ಕಾಯಿದೆ ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಗಳಿಗೂ ಲೈಸೆನ್ಸು, ತೆರಿಗೆ ವಿಧಿಸಿತು. ಗೋಕಾಕ, ಹುಕ್ಕೇರಿ ಆಗ ಮುಂಬಯಿ ರಾಜ್ಯದ ತಾಲೂಕುಗಳು, ಮೂಡಲಗಿ ಗೋಕಾಕ ತಾಲೂಕಿನ ಊರು. ಅಂದರೆ ಬೆಂಗಳೂರಿನ ಕನ್ನಡಿಗನಿಗೆ ಇಲ್ಲದ ನಿರ್ಬಂಧ ಈ ಕಡೆಯ ಕನ್ನಡಿಗನಿಗೆ.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಮುಂಬಯಿ ಕಾಯಿದೆಯನ್ನು ಎತ್ತಿಹಿಡಿಯಿತು. ಆ ಪದಬಂಧ ಜೂಜಿನ ಸ್ವರೂಪದ್ದು, ಜೂಜಿಗೆ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿದ ಸ್ಪರ್ಧೆಗಳ ಮಾತು ಬೇರೆ ಎಂದು ಗೆರೆ ಎಳೆಯಿತು. ತೀರ್ಪು ಬರುವ ಹೊತ್ತಿಗೆ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿ ಐದು ತಿಂಗಳು ದಾಟಿತ್ತು. ಆ ಗೆರೆ ಮಾತ್ರ ಉಳಿಯಿತು. 1968ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಾಯಿತು. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ, ಕೌಶಲದ ಆಟಕ್ಕೂ ಅಂತರಜಾಲದಲ್ಲಿ ಹಣ ಒಡ್ಡುವಂತಿಲ್ಲ ಎಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು.

ಇಲ್ಲಿ ಒಂದು ತೊಡಕು ಇದೆ. ನ್ಯಾಯಾಲಯದ ಕೌಶಲ ಮನುಷ್ಯನದು. ರಮ್ಮಿ ಆಡುವವನ ತಲೆಯಲ್ಲಿರುವುದು ಅದು. ಸೋಗಿನ ಖಾತೆಯಲ್ಲಿ ಬರೆದ, ಮದ್ದು ಕುಡಿದು ಏರಿಸಿದ, ಚಕ್ರ ತಿರುಗಿಸಿ ಪಡೆದ 60 ಅಂಕದ ಖಡ್ಗವಿದ್ಯೆ ಯಾರ ಕೌಶಲ? 1957ರ ಗೆರೆಯಿಂದ ಇದನ್ನು ಅಳೆಯಲು ಬರುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯಿದೆ ಆ ಗೆರೆಯನ್ನೇ ಬದಿಗಿಟ್ಟಿತು. ಕೌಶಲವೋ ಅದೃಷ್ಟವೋ ಎಂದು ಅದು ಕೇಳುವುದಿಲ್ಲ. ಹಣ ಇಟ್ಟು ಪ್ರತಿಯಾಗಿ ಹಣದ ಲಾಭ ನಿರೀಕ್ಷಿಸುವ ಆಟವಾದರೆ ನಿಷೇಧ. ವಂತಿಗೆ ಕಟ್ಟಿ ಮನರಂಜನೆಗೆ ಆಡುವ ‘ಸಾಮಾಜಿಕ ಆಟ’ಕ್ಕೆ ಅಡ್ಡಿಯಿಲ್ಲ. ಹಣ ಕೊಟ್ಟು ಪಡೆದ ಆಟದ ನಾಣ್ಯ, ಟೋಕನ್ನುಗಳೂ ಪಣವೆನಿಸಬಹುದು.

ಹಾಗಾದರೆ ಮುಚ್ಚಿದ ಪೆಟ್ಟಿಗೆ? ಕಾಯಿದೆಯಲ್ಲಿ ಅದರ ಹೆಸರಿಲ್ಲ. ಪೆಟ್ಟಿಗೆಯಿಂದ ಬಂದ ಖಡ್ಗವನ್ನು ಯಾರಿಗೂ ಮಾರಲಾಗದು ಎಂದು ಕಂಪನಿ ನಿಯಮ ಬರೆದಿದ್ದರೆ, ಹಣದ ಲಾಭವಿಲ್ಲವೆಂದು ವಾದಿಸಬಹುದು. ಮಾರಲು ಸಂತೆ ಇದ್ದರೆ ಆ ವಾದ ನಿಲ್ಲುವುದು ಕಷ್ಟ ಎಂದು ನನಗೆ ತೋರುತ್ತದೆ. ವಿಚಿತ್ರವೆಂದರೆ, ಆಟಗಾರನಿಗೆ ತನ್ನ ವಸ್ತುವಿನ ಮೇಲೆ ಹಕ್ಕು ಕಡಿಮೆಯಿದ್ದಷ್ಟೂ ಕಂಪನಿ ಕಾನೂನಿನ ಕಣ್ಣಿಗೆ ಸುರಕ್ಷಿತ. ಕಾಯಿದೆಯನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟುಗಳಲ್ಲಿ ಹೂಡಿದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ತನ್ನೆಡೆಗೆ ವರ್ಗಾಯಿಸಿಕೊಂಡಿತು. ಅವೆಲ್ಲ ರಮ್ಮಿಯಂಥ ಹಣದ ಆಟದವರ ಅರ್ಜಿಗಳು. ಸೋಗಿನ ಆಟದವರು ಹೂಡಿದವಲ್ಲ.